ದನದ ದಾರಿಗೆ ಬಾರದ ಕ್ಯಾಮೆರಾ

ಬೇಸಿಗೆ ಬಂತೆಂದರೆ ಊರಿನ ಬೋರ್‌ವೆಲ್ ಬರೀ ಗಾಳಿ ಕಾರುತ್ತದೆ. ಎನ್. ಬೇಗೂರಿನ ಆಚೆಯ ಆ ಸಣ್ಣ ಊರಿನ ದನಗಳಿಗೆ ಅಣೆಕಟ್ಟೆಯ ಹಿನ್ನೀರೇ ಗತಿ. ಅಲ್ಲಿಗಿರುವುದು ಒಂದೇ ದಾರಿ. ಅದೂ ಈಗ ಷಣ್ಮುಖಪ್ಪನ ರೆಸಾರ್ಟು ಜಾಗದೊಳಗೆ ಸಿಕ್ಕಿಕೊಂಡಿತ್ತು.

ಅಳತೆಯವರು ಬಂದಾಗ ದನ ಸಾಕಿಕೊಂಡಿದ್ದ ಪುಟ್ಟಸಿದ್ದಮ್ಮನೇ ಮಜ್ಜಿಗೆ ಕೊಟ್ಟು, ಮುಂದೆ ನಡೆದು ದಾರಿ ತೋರಿಸಿದ್ದಳು. ಅಳೆದು ಬರೆದುಕೊಂಡ ಮೇಲೆ ದಾರಿ ಉಳಿಯುತ್ತದೆಂದು ನಂಬಿದ್ದಳು, ಪಾಪ.

ಇಂದು ಸಮುದಾಯ ಭವನದಲ್ಲಿ ರೆಸಾರ್ಟಿಗೆ ಊರಿನ ಒಪ್ಪಿಗೆ ಕೇಳುವ ಸಭೆ. ಕಂಪ್ಯೂಟರಿನಲ್ಲಿ ಕಟ್ಟಿದ ರೆಸಾರ್ಟಿನ ಚಿತ್ರ ಗೋಡೆಯ ಮೇಲೆ ತಿರುಗುತ್ತಿತ್ತು. ಕಾಟೇಜು, ಈಜುಕೊಳ, ಮತ್ತೆ ಕಾಟೇಜು. ಪುಟ್ಟಸಿದ್ದಮ್ಮನಿಗೆ ರೇಗಿಹೋಯಿತು.

"ಅಲ್ಲ ಕಣಪ್ಪಾ, ನಮ್ ದನದ ದಾರಿ ಎಲ್ಲಿ?"

ಚಿತ್ರ ಓಡಿಸುತ್ತಿದ್ದ ಹುಣಸೂರಿನ ಮುಬಷೀರ್ ತಿರುಗಿದ. "ದಾರಿನೂ ಇದ್ರಲ್ಲಿ ಇದೆ ಅಮ್ಮಾ. ಕ್ಯಾಮೆರಾ ತೋರಿಸ್ತಿಲ್ಲ, ಅಷ್ಟೆ."

"ಕ್ಯಾಮ್ರ ಇಡ್ಕೊಂಡಿರೋನು ಯಾರ್ಲಾ?"

"ಯಾರೂ ಇಲ್ಲ. ನಿಜವಾದ ಕ್ಯಾಮೆರಾನೇ ಇಲ್ಲ. ಎಲ್ಲಿಂದ ನೋಡಿದ್ರೆ ಚೆಂದ ಅಂತ ಕಂಪ್ಯೂಟರೇ ಲೆಕ್ಕ ಹಾಕಿ ಜಾಗ ಹಿಡಿಯುತ್ತೆ. ಕಾಟೇಜು, ಈಜುಕೊಳ ಮುಖ್ಯ ಅಂತ ಅದಕ್ಕೆ ಹೇಳಿಕೊಟ್ಟಿರೋದು."

"ಏಳ್ಕೊಟ್ಟೋರು ಯಾರು?"

ಮುಬಷೀರ್ ಷಣ್ಮುಖಪ್ಪನ ಮುಖ ನೋಡಿದ.

"ಕೈಯಲ್ಲಿ ತಿರುಗ್ಸಾಕಾಗಲ್ವಾ?" ಪಕ್ಕದಲ್ಲಿ ಕೂತಿದ್ದ ನೆರೆಮನೆಯ ಮಾರಮ್ಮ ಕೇಳಿದಳು.

"ಆಗುತ್ತೆ," ಎಂದು ಮುಬಷೀರ್ ಮೌಸಿಗೆ ಕೈಯಿಟ್ಟ.

"ಬೇಡ," ಎಂದ ಷಣ್ಮುಖಪ್ಪ. ಕೈ ಹಿಂದೆ ಬಂತು. ಅನ್ನ ಹಾಕುವವನ ಮಾತು, ಮೀರುವುದು ಹೇಗೆ?

ಸಭೆ ನಡೆಸಲು ತಾಲ್ಲೂಕು ಕಚೇರಿಯಿಂದ ಬಂದಿದ್ದ ಸಾಹೇಬ ಮಹೇಶ್ ಕುಮಾರ್ ಗಡಿಯಾರ ನೋಡಿಕೊಂಡರು. "ಎಲ್ಲ ನೋಡಿದ್ರಲ್ಲ. ಯಾರದೂ ತಕರಾರಿಲ್ಲ ತಾನೇ?"

"ನಾವೆಲ್ಲಿ ನೋಡುದ್ವಿ ಸ್ವಾಮಿ? ನೀವು ತೋರ್ಸಿದ್ನ ನೋಡುದ್ವಿ. ಇಲ್ದೇ ಇರೋ ಕ್ಯಾಮ್ರಕ್ಕೂ ಯಾರ್ ಕಡೆ ನಿಂತ್ಕಬೇಕು ಅಂತ ಗೊತ್ತದೆ! ಏಳಿ, ಕಣ್ಣಾರೆ ನೋಡೀರಂತೆ."

ಪುಟ್ಟಸಿದ್ದಮ್ಮ ಹೊರಟಳು. ಊರೂ ಹಿಂದೆಯೇ ಎದ್ದಿತು. ಬೇರೆ ದಾರಿ ಕಾಣದೆ ಸಾಹೇಬರೂ ಬಂದರು.

ದಾರಿಗೆ ಅಡ್ಡಲಾಗಿ ಹೊಸ ಮುಳ್ಳುತಂತಿ. ಊರೆಲ್ಲ ಒಳಗೆ ಬಣ್ಣದ ಚಿತ್ರ ನೋಡುತ್ತಿದ್ದಾಗ ಹೊರಗೆ ಕಂಬ ನೆಟ್ಟಾಗಿತ್ತು. ಬಾಯಾರಿದ ದನಗಳು ತಂತಿಯ ಮುಂದೆ ಮೂತಿ ಚಾಚಿ ನಿಂತಿದ್ದವು.

"ಎಲಾ ಮನೆಹಾಳರಾ!"

ಪುಟ್ಟಸಿದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಂಬಕ್ಕೆ ಕೈ ಹಾಕಿದಳು. ಬುಡದ ಸಿಮೆಂಟು ಇನ್ನೂ ಹಸಿಯಾಗಿತ್ತು. ಮಾರಮ್ಮ ಇನ್ನೊಂದು ಕಡೆ ಹಿಡಿದಳು. ಆಮೇಲೆ ಯಾರು ಯಾರು ಹಿಡಿದರೋ.

"ಮುಟ್ಟಬೇಡಿ, ಕೇಸಾಗುತ್ತೆ!" ಸಾಹೇಬರು ಕೂಗಿದರು.

"ಆಗ್ಲಿ ಬುಡಿ ಸ್ವಾಮಿ. ಮೊದ್ಲು ದನ ನೀರು ಕುಡೀಲಿ."

ಕಂಬ ಬುಡಸಮೇತ ಕಿತ್ತು ಬಂತು.