ಎಡಗಾಲಿನ ಉಂಗುರ

ಬೆಳಗ್ಗೆ ಎದ್ದಾಗ ಮುನಿರತ್ನಮ್ಮನ ಎಡಗಾಲಿನ ಎರಡನೇ ಬೆರಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ರಾತ್ರಿಯೆಲ್ಲ ಪ್ರಾಣ ಹಿಂಡಿದ ನೋವು ಈಗ ಇರಲಿಲ್ಲ. ಬೆರಳನ್ನು ಉಗುರಿನಿಂದ ಚಿವುಟಿ ನೋಡಿದಳು. ಯಾರದೋ ಬೆರಳನ್ನು ಚಿವುಟಿದಂತಾಯಿತು.

"ನೋವು ಹೋಯ್ತಾ? ನಾನ್ ಹೇಳ್ಲಿಲ್ವಾ, ಉಂಗುರ ಹಾಕುದ್ರೆ ಎಲ್ಲಾ ಸರಿಹೋಯ್ತದೆ ಅಂತ!" ಅತ್ತೆ ಪಾಪಕ್ಕ ಒಲೆಯ ಮುಂದೆ ಕೂತೇ ಖುಷಿಪಟ್ಟಳು.

ಮುನಿರತ್ನಮ್ಮ ಬೆರಳನ್ನು ಇನ್ನೊಮ್ಮೆ ಚಿವುಟಿದಳು. ಡಾಕ್ಟರು ಹೇಳಿದ್ದೇ ಬೇರೆ. ನೋವಿದ್ದರೆ ತಡೆದುಕೊಳ್ಳಿ, ಬೆರಳು ಮರಗಟ್ಟಿದರೆ ಮಾತ್ರ ಒಂದು ಗಳಿಗೆಯೂ ಕೂರಬೇಡಿ, ಓಡಿ ಬನ್ನಿ ಎಂದಿದ್ದರು.

ಆ ಕಾಲಿನ ಕಥೆ ರಾಜಘಟ್ಟದಲ್ಲಿ ಎಲ್ಲರಿಗೂ ಗೊತ್ತು. ಎರಡನೇ ಹೆರಿಗೆಯಾದ ಮೇಲೆ ಪಾದದ ಮೇಲ್ಗಡೆ, ಹರಡಿನ ಹತ್ತಿರ ಎದ್ದ ಹುಣ್ಣು ವರ್ಷಗಟ್ಟಲೆ ಮಾಯಲಿಲ್ಲ. ಬೇವಿನ ಸೊಪ್ಪು ಅರೆದು ಹಚ್ಚಿದ್ದಾಯಿತು, ಮೈಲುತುತ್ತ ಹಾಕಿದ್ದಾಯಿತು, ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತದ್ದೂ ಆಯಿತು. ಊರಿನವರ ಬಾಯಲ್ಲಿ ಔಷಧಿಗೇನು ಬರ! ಆದರೆ ಊಟಕ್ಕೆ ಅವಳ ಪಕ್ಕ ಕೂರಲು ಮಾತ್ರ ಒಬ್ಬರೂ ಇಲ್ಲ. ಅಷ್ಟು ವಾಸನೆ. ಪಾಪಕ್ಕ ಸಹ ಸೆರಗನ್ನು ಮೂಗಿಗೆ ಹಿಡಿದೇ ಸೊಸೆಯ ಕಾಲಿಗೆ ಬಿಸಿನೀರು ಹೊಯ್ಯುತ್ತಿದ್ದಳು. ಹೊಯ್ಯುವುದನ್ನು ಒಂದು ದಿನವೂ ತಪ್ಪಿಸಲಿಲ್ಲ, ಅದನ್ನೂ ಹೇಳಬೇಕು.

ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಬಂದ ಡಾಕ್ಟರ್ ಚಿನ್ನಸ್ವಾಮಿ ಹಳೇ ಹುಣ್ಣಿನವರನ್ನೆಲ್ಲ ಕರೆಸಿ ಒಂದು ಪರೀಕ್ಷೆ ಶುರುಮಾಡಿದರು. ತಗಡಿನ ಡಬ್ಬಿಯಿಂದ ಚೀಟಿ ಎತ್ತಿಸುವುದು. ಒಂದು ಬಗೆಯ ಚೀಟಿ ಬಂದವರಿಗೆ ವಾಡಿಕೆಯಂತೆ ದಿನವೂ ಹುಣ್ಣು ತೊಳೆದು ಪುಡಿ ಉದುರಿಸುವುದು. ಇನ್ನೊಂದು ಬಂದವರಿಗೆ, ಸತುವಿನ ಪುಡಿ ಕಲಸಿದ ಬೆಚ್ಚನೆಯ ಅಂಟಿನಲ್ಲಿ ಬಟ್ಟೆ ಅದ್ದಿ, ಬೆರಳ ಬುಡದಿಂದ ಮೊಣಕಾಲಿನ ಕೆಳಗಿನವರೆಗೆ ಬಿಗಿಯಾಗಿ ಸುತ್ತಿ ಒಂದು ವಾರ ಬಿಚ್ಚದೆ ಬಿಡುವುದು. "ಯಾವುದ್ರಿಂದ ವಾಸಿಯಾಗತ್ತೆ ಅಂತ ನನಗೂ ಗೊತ್ತಿಲ್ಲ. ಅದಕ್ಕೇ ನೋಡ್ತಿದೀನಿ" ಎಂದು ಅವರು ಬಾಯಿಬಿಟ್ಟು ಹೇಳಿದ್ದಕ್ಕೆ ಅರ್ಧ ಜನ ಎದ್ದು ಹೋದರು. ತನಗೇ ಗೊತ್ತಿಲ್ಲ ಅನ್ನುವ ಡಾಕ್ಟರನ್ನು ಯಾರು ನಂಬುತ್ತಾರೆ? ಮುನಿರತ್ನಮ್ಮ ನಂಬಿದಳು. ಗೊತ್ತಿದೆ ಅಂದವರೆಲ್ಲ ಆಗಲೇ ಅವಳ ಕಾಲು ನೋಡಿಯಾಗಿತ್ತು.

ಅವಳಿಗೆ ಕಟ್ಟಿನ ಚೀಟಿ ಬಂತು. ಪ್ರತಿ ಸಲ ಕಟ್ಟು ಬಿಚ್ಚಿದಾಗ ಡಾಕ್ಟರು ಹುಣ್ಣಿನ ಮೇಲೆ ಎಣ್ಣೆ ಕಾಗದ ಇಟ್ಟು ಅದರ ಅಂಚನ್ನು ಪೆನ್ಸಿಲಿನಲ್ಲಿ ಗೀಚಿಕೊಳ್ಳುತ್ತಿದ್ದರು. ಮೊದಲ ಗೀಟು ವೀಳ್ಯದೆಲೆಯಷ್ಟಿತ್ತು. ಕಳೆದ ಸಲದ್ದು ಅವರೆಕಾಯಿಯಷ್ಟೇ. ಅದನ್ನು ನೋಡಿ ಅವಳು ಆಸ್ಪತ್ರೆಯ ಜಗಲಿಯಲ್ಲೇ ಅತ್ತುಬಿಟ್ಟಿದ್ದಳು.

ಬಿಗಿ ಕಟ್ಟಿದಾಗ ಬೆರಳು ಊದಬಹುದು ಎಂದು ಡಾಕ್ಟರು ಮೊದಲ ದಿನವೇ ಆ ಕಾಲಿನ ಉಂಗುರ ತೆಗೆಸಿದ್ದರು. ಅವಳು ಅದನ್ನು ಸೆರಗಿನ ಗಂಟಿನಲ್ಲಿಟ್ಟುಕೊಂಡು, ಸೀರೆಯ ಅಂಚಿನಲ್ಲಿ ಪಾದ ಮುಚ್ಚಿಕೊಂಡು ಓಡಾಡಿದಳು. ಮೊನ್ನೆ ಪಾಪಕ್ಕನ ಕಣ್ಣಿಗೆ ಬಿತ್ತು.

"ನನ್ ಮಗ ಬರ್ಮಾ ಗಡೀನಾಗೆ ಗುಂಡಿನ್ ಬಾಯಾಗವ್ನೆ. ನೀನಿಲ್ಲಿ ನನ್ ಹಂಗೆ ಬರಿಬೆರಳಿನಾಗೆ ತಿರುಗ್ತಿದ್ದೀಯಾ?"

ಮಗ ಆಂಜಿನಪ್ಪ ಸೇನೆಯ ಪಟಾಲಮ್ಮಿನಲ್ಲಿ ಹೊರೆ ಹೊರುವ ಹೇಸರಗತ್ತೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ. ಸುಗ್ಗಿ ಮುಗಿದ ಮೇಲೆ ಅವನಿಂದ ಕಾಗದವಿಲ್ಲ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಪಾಪಕ್ಕನಿಗೆ ಅವನೊಬ್ಬನೇ. ಸೊಸೆಯನ್ನು ಕೂರಿಸಿ, ಹರಳೆಣ್ಣೆ ಸವರಿ, ಊದಿದ ಬೆರಳಿಗೆ ಉಂಗುರವನ್ನು ತಿರುಚಿ ತಿರುಚಿ ಏರಿಸಿದಳು. ಮುನಿರತ್ನಮ್ಮ ಬೇಡ ಅನ್ನಲಿಲ್ಲ. ನಿಜ ಹೇಳಬೇಕೆಂದರೆ, ಉಂಗುರ ಕೂತಾಗ ಅವಳಿಗೂ ಹೋದ ಜೀವ ಬಂದಂತಾಗಿತ್ತು.

ಈಗ ಆ ಉಂಗುರ ಮಾಂಸದಲ್ಲಿ ಹೂತುಹೋಗಿತ್ತು.

"ಗಾಡಿ ಕಟ್ಟಿಸಿ ಅತ್ತೆ, ಆಸ್ಪತ್ರೆಗೆ ಹೋಗ್ಬೇಕು" ಎಂದಳು. ಹೋದರೆ ಡಾಕ್ಟರು ಏನು ಮಾಡಿಯಾರೆಂಬ ಗುಮಾನಿಯಿಂದ ಪಾಪಕ್ಕನೂ ಜೊತೆಗೆ ಹತ್ತಿಕೊಂಡಳು.

ಬೆರಳು ನೋಡಿದ ಡಾಕ್ಟರ ಮುಖ ಕಪ್ಪಿಟ್ಟಿತು. ಮೊದಲು ಕಟ್ಟನ್ನು ಕತ್ತರಿಸಿ ತೆಗೆದರು. ಸೋಪು ಹಚ್ಚಿ ಎಳೆದರು, ದಾರ ಸುತ್ತಿ ಎಳೆದರು. ಉಂಗುರ ಜಗ್ಗಲಿಲ್ಲ.

"ಉಂಗುರ ಕತ್ತರಿಸ್ಬೇಕು. ಈಗಲೇ. ತಡ ಆದ್ರೆ ಬೆರಳು ಕೊಳೆಯತ್ತೆ, ಆಮೇಲೆ ಪಾದ."

ಪಾಪಕ್ಕ ಧೊಪ್ಪನೆ ಕೂತು ಸೊಸೆಯ ಪಾದವನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. "ಗಂಡ ಸತ್ತೋಳಿಗೆ ಮಾಡೋ ಕೆಲಸ ಸ್ವಾಮಿ ಅದು! ನಾ ಬಿಡಾಕಿಲ್ಲ."

"ಬಲಗಾಲಲ್ಲಿ ಇನ್ನೊಂದು ಇದೆಯಲ್ಲಮ್ಮಾ."

"ನನ್ ಮಗನಿಗೆ ಅರ್ಧ ಆಯಸ್ಸು ಸಾಕಾ?"

ಅಷ್ಟರಲ್ಲಿ ಡಾಕ್ಟರು ಅಟ್ಟಿದ್ದ ಜವಾನ ಪೇಟೆಯಿಂದ ಅಕ್ಕಸಾಲಿ ಪಿಳ್ಳಣ್ಣನನ್ನು ಕರೆತಂದ. ಪಿಳ್ಳಣ್ಣ ಸಣ್ಣ ಕತ್ತರಿ ತೆಗೆದವನು ಅವಳ ಕೊರಳಿನ ತಾಳಿ ನೋಡಿ ನಿಂತ. "ಯಜಮಾನ್ರು ಎಲ್ಲವ್ರಮ್ಮಾ?"

"ಲಡಾಯಿಗೆ ಹೋಗವ್ರೆ."

ಪಿಳ್ಳಣ್ಣ ಕತ್ತರಿಯನ್ನು ಮೇಜಿನ ಮೇಲಿಟ್ಟ. "ಇದು ನನ್ ಕೈಲಾಗಲ್ಲ ಸ್ವಾಮಿ. ನಂಗೂ ಹೆಂಡ್ರು ಮಕ್ಳವ್ರೆ" ಎಂದು ಜಗಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟ.

ಬೆರಳ ತುದಿ ನೋಡನೋಡುತ್ತ ಕಪ್ಪಾಗುತ್ತಿತ್ತು. ಡಾಕ್ಟರು ಕತ್ತರಿ ಎತ್ತಿಕೊಂಡರು, ಆದರೆ ಪಾಪಕ್ಕನ ಕೈ ಸರಿಯಲಿಲ್ಲ. ಅವರು ನೆಲದ ಮೇಲೆ ಅವಳೆದುರಿಗೇ ಕೂತರು. "ತಪ್ಪು ನನ್ದೂ ಇದೆ. ಉಂಗುರ ತೆಗೀರಿ ಅಂದೆ. ಮನೇಲಿ ಏನಂತಾರೆ ಅಂತ ಕೇಳ್ಲಿಲ್ಲ. ಆದ್ರೆ ಈಗ ಮಾತಾಡೋಕೆ ಹೊತ್ತಿಲ್ಲಮ್ಮಾ."

ಮುನಿರತ್ನಮ್ಮನಿಗೆ ಗಂಡನ ಮುಖ ಕಣ್ಣಿಗೆ ಕಟ್ಟಿತು. ಆಸೆಯೂ ಭಯವೂ ಒಟ್ಟಿಗೆ ಉಕ್ಕಿದವು. ಆದರೂ ಹೇಳಿದಳು, "ಅತ್ತೆ, ಅವ್ರು ಬಂದ್ ದಿನ ಎದ್ದೋಗಿ ಬಾಗಿಲು ತೆಗೆಯಾಕೆ ನಂಗೆ ಕಾಲು ಬ್ಯಾಡ್ವಾ?"

ಪಾಪಕ್ಕ ತಲೆ ಬಗ್ಗಿಸಿದಳು. ಆಗ ಹುಣ್ಣು ಕಣ್ಣಿಗೆ ಬಿತ್ತು. ಇಷ್ಟು ವರ್ಷ ಅವಳೇ ತೊಳೆದ ಜಾಗ. ಅಲ್ಲೀಗ ಎಳೆಗೂಸಿನ ಮೈಯಂಥ ಚರ್ಮ, ನಡುವೆ ಒಂದು ಅವರೆಕಾಳಿನಷ್ಟು ಮಾತ್ರ ಗಾಯ. "ಇದೇನಾ ಅದು?" ಎಂದಳು, ಯಾರನ್ನೂ ಕೇಳದೆ. ಪಾದ ಬಿಟ್ಟು ಡಾಕ್ಟರ ಕಡೆ ಕೈ ಚಾಚಿದಳು.

"ಕೊಡಿ ಸ್ವಾಮಿ ಇತ್ಲಾಗೆ. ಹಾಕಿದೋಳು ನಾನು. ಏನಾರ ದೋಷ ಬಂದ್ರೆ ನಂಗೇ ಬರ್ಲಿ."

ಚರ್ಮಕ್ಕೆ ತಾಗದಂತೆ ಡಾಕ್ಟರು ಉಂಗುರದ ಕೆಳಗೆ ತೆಳ್ಳನೆಯ ತಗಡು ತೂರಿಸಿ ಹಿಡಿದರು. ಪಾಪಕ್ಕ ಕತ್ತರಿಯ ಬಾಯಿಗೆ ಉಂಗುರ ಸಿಕ್ಕಿಸಿದಳು. "ಆಂಜಿನಪ್ಪಾ, ನನ್ನಪ್ಪಾ" ಎನ್ನುತ್ತ ಹಲ್ಲು ಕಚ್ಚಿ ಅದುಮಿದಳು. ಮೊದಲ ಸಲ ಕತ್ತರಿ ಜಾರಿತು. ಎರಡನೇ ಸಲ ಬೆಳ್ಳಿ ಟಕ್ಕೆಂದು ಸೀಳಿತು.

ಬೆರಳು ಹಾಗೇ ಕಪ್ಪಗಿತ್ತು. ಡಾಕ್ಟರು ಉಸಿರು ಹಿಡಿದು ನೋಡುತ್ತಿದ್ದರು. ಜಗಲಿಯಲ್ಲಿ ಪಿಳ್ಳಣ್ಣ ಎದ್ದು ನಿಂತಿದ್ದ. ಪಾಪಕ್ಕ ಆ ಬೆರಳನ್ನು ಅಂಗೈಯೊಳಗೆ ಇಟ್ಟುಕೊಂಡು ಬಿಡಲೇ ಇಲ್ಲ. ಬಹಳ ಹೊತ್ತಾದ ಮೇಲೆ ಬುಡದಲ್ಲಿ ಕೆಂಪು ಮೂಡಿತು, ಮೆಲ್ಲಗೆ ತುದಿಯ ಕಡೆ ಹತ್ತಿತು. ಹಿಂದೆಯೇ ನೋವು ಬಂತು. ಮುನಿರತ್ನಮ್ಮ ಆಸ್ಪತ್ರೆ ಅದುರುವಂತೆ ಚೀರಿದಳು. ಡಾಕ್ಟರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಸಂಜೆ ಊತ ಇಳಿದ ಮೇಲೆ ಎಣ್ಣೆ ಕಾಗದದ ಮೇಲೆ ಸಣ್ಣ ಗೀಟೆಳೆದು, ಹೊಸ ಕಟ್ಟು ಹಾಕಿ ಕಳಿಸಿದರು.

ಗಾಡಿ ರಾಜಘಟ್ಟದ ಕಡೆ ಹೊರಟಿತು. ಸೀಳಿದ ಉಂಗುರ ಪಾಪಕ್ಕನ ಸೆರಗಿನ ಗಂಟಿನಲ್ಲಿತ್ತು. ಮಗನ ಸುದ್ದಿ ಎಂದು ಬಂದೀತೋ, ಎಂಥದ್ದು ಬಂದೀತೋ, ಇಬ್ಬರಿಗೂ ಗೊತ್ತಿರಲಿಲ್ಲ. ಅವಳು ಸೊಸೆಯ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡಳು. ಸೆರಗು ಮೂಗಿಗೆ ಹೋಗಲಿಲ್ಲ. ದಾರಿಯುದ್ದಕ್ಕೂ ಬೆರಳು ಮುಟ್ಟಿ ಮುಟ್ಟಿ ನೋಡಿದಳು.

"ನೋಯ್ತದಾ?"

"ಬಾಳ ನೋಯ್ತದೆ ಅತ್ತೆ."

"ನೋಯ್ಲಿ" ಎಂದಳು ಪಾಪಕ್ಕ, ಕಣ್ಣೊರೆಸಿಕೊಳ್ಳುತ್ತ. "ನೋಯ್ಲಿ ನನ್ನವ್ವ."