ಮುಕ್ಕಾಲು ತಾಸಿನ ಗಾಡಿ

ತುಳಜಾರಾಮ ಇಪ್ಪತ್ತೆರಡು ವರ್ಷ ಒಬ್ಬರೇ ಡಾಕ್ಟರರ ಗಾಡಿ ಓಡಿಸಿದವನು. ಬಸವಕಲ್ಯಾಣದ ಆ ಡಾಕ್ಟರರು ತೀರಿಕೊಂಡಾಗ ಅವರ ಮಕ್ಕಳು ಪುಣೆಯಿಂದ ಬಂದು ಮನೆ ಮಾರಿದರು, ಔಷಧದ ಕಪಾಟು ಮಾರಿದರು. ಗಾಡಿಯನ್ನು ಮಾತ್ರ ಯಾರೂ ಕೇಳಲಿಲ್ಲ. "ನೀನೇ ಇಟ್ಕೋ" ಎಂದು ಕೀಲಿಯನ್ನು ಇವನ ಕೈಗಿಟ್ಟು ಹೋದರು. ಅದು ಎಪ್ಪತ್ತನೇ ಇಸವಿಯ ಮಾತು.

ಸಣ್ಣ ಮಾರಿಸ್ ಕಾರು. ಊರಿನ ಮುಕ್ಕಾಲು ಪಾಲು ಜನರ ಬಾಣಂತನ, ಹಾವಿನ ಕಡಿತ, ಸನ್ನಿಜ್ವರಗಳನ್ನೆಲ್ಲ ನೋಡಿದ್ದು. ತುಳಜಾರಾಮ ಅದನ್ನು ಬಾಡಿಗೆಗೆ ಬಿಟ್ಟ. ಆದರೆ ನಾಲ್ಕು ಮಂದಿ ಕೂತರೆ ಹುಮನಾಬಾದಿನ ದಾರಿಯ ರಾಜೇಶ್ವರದ ಏರಿನಲ್ಲಿ ಅದು ಏದುಸಿರು ಬಿಡುತ್ತಿತ್ತು. ಹಿಂದಿನಿಂದ ಬಂದ ಬಸ್ಸು ದಾಟಿ ಹೋಗುವಾಗ ಕಿಟಕಿಯಲ್ಲಿದ್ದವರು ತಿರುಗಿ ನೋಡಿ ನಗುತ್ತಿದ್ದರು. ವಾರಕ್ಕೆ ಎರಡು ಬಾಡಿಗೆ ಸಿಕ್ಕರೆ ಹೆಚ್ಚು. ಹೆಂಡತಿ ಜಿಜಾಬಾಯಿ ಕೂಲಿಗೆ ಹೋಗುತ್ತಿದ್ದಳು. ಮನೆ ನಡೆಯುತ್ತಿದ್ದುದು ಅದರಿಂದಲೇ.

ಮರುವರ್ಷ ಕಲ್ಯಾಣದ ತಗಡಿನ ಟಾಕೀಸಿನ ಮಾಲಕ ದಿಗಂಬರ ಶೇಠ ಹೇಳಿ ಕಳಿಸಿದ. ಹೊಸ ಸಿನೆಮಾ ಬರುವುದಿತ್ತು, ಆದರೆ ಕಲ್ಯಾಣ, ಹುಮನಾಬಾದು ಎರಡಕ್ಕೂ ಸೇರಿ ಒಂದೇ ಪ್ರಿಂಟು. ಹುಮನಾಬಾದಿನಲ್ಲಿ ಮೂರಕ್ಕೆ ಆಟ ಶುರು. ಅಲ್ಲಿ ಅರ್ಧ ಮುಗಿದ ಕೂಡಲೇ ಆ ರೀಲಿನ ಡಬ್ಬಿಗಳನ್ನು ಕಲ್ಯಾಣಕ್ಕೆ ತರಬೇಕು. ತಿರುಗಿ ಹೋಗಿ ಉಳಿದರ್ಧ ತರಬೇಕು. ಅಷ್ಟರಲ್ಲಿ ಇಲ್ಲಿ ಮೊದಲರ್ಧ ಮುಗಿದಿರುತ್ತದೆ.

"ಒಂದು ಸಲಕ್ಕ ಮುಕ್ಕಾಲು ತಾಸು," ಎಂದ ದಿಗಂಬರ ಶೇಠ. "ಅದಕ್ಕಿಂತ ತಡ ಆದ್ರ ಪರದೆ ಕತ್ತಲಾಗ್ತದ. ಪರದೆ ಕತ್ತಲಾದ್ರ ಮಂದಿ ನನ್ನ ಕುರ್ಚಿ ಮುರೀತಾರ. ನಿನ್ನ ಗಾಡಿ ಅಷ್ಟೊತ್ತಿನ್ಯಾಗ ಹೋಗ್ತದ?"

"ಹೋಗ್ತದ್ರಿ ಶೇಠ," ಎಂದ ತುಳಜಾರಾಮ.

ಮರುದಿನ ಖಾಲಿ ಗಾಡಿ ಓಡಿಸಿ ನೋಡಿದ. ಹುಮನಾಬಾದು ಮುಟ್ಟಲು ಒಂದು ತಾಸಿನ ಮೇಲೆ ಐದು ನಿಮಿಷ ಹಿಡಿಯಿತು. ಇಪ್ಪತ್ತು ನಿಮಿಷ ಎಲ್ಲಿಂದಾದರೂ ಹುಟ್ಟಬೇಕಿತ್ತು. ಸಿನೆಮಾ ಬರಲು ಹತ್ತು ದಿನವಿತ್ತು. ಕೈಯಲ್ಲಿದ್ದುದು ಮುನ್ನೂರು ರೂಪಾಯಿ.

ಹುಮನಾಬಾದಿನ ಮಚ್ಚೇಂದ್ರ ಮಿಸ್ತ್ರಿ ಬಾನೆಟ್ ಎತ್ತಿ ಒಳಗೆ ಬಗ್ಗಿ ಒಂದೊಂದನ್ನೇ ಮುಟ್ಟಿ ನೋಡಿದ. ಆಮೇಲೆ ಕೈ ಒರೆಸಿಕೊಳ್ಳುತ್ತ, "ಅಣ್ಣಾ, ಇದಕ್ಕ ಎಲ್ಲಾ ಬೇಕಾಗ್ಯಾವ," ಎಂದ. "ಟಾಯರ್ ಬೋಳಾಗ್ಯಾವ. ರೇಡಿಯೇಟರ್ ಅರ್ಧ ಕಟ್ಟಿಕೊಂಡದ. ಕಾರ್ಬೊರೇಟರ್ ಸವದದ. ಜೋರು ಬೇಕಂದ್ರ ಎಂಜಿನ್ನಿನ ಮ್ಯಾಲಿನ ಹೆಡ್ ಬಿಚ್ಚಿ ಲೇಥಿನ್ಯಾಗ ತಳ ಸವರಿಸಬೇಕು. ಒಳಗಿನ ಜಾಗ ಸಣ್ಣದಾದ್ರ ಗ್ಯಾಸು ಬಿಗಿಯಾಗಿ ಎಂಜಿನ್ ಜೋರು ಹಿಡೀತದ."

"ಮುನ್ನೂರದಾಗ ಏನೇನ್ ಆಗ್ತದ?"

"ಎರಡು ಆಗ್ತಾವ. ಯಾವ ಎರಡು ನೀನ ಹೇಳು."

ತುಳಜಾರಾಮ ಅಲ್ಲಿಂದ ಅಕ್ಬರಿಯ ಅಂಗಡಿಗೆ ಹೋದ. ಗಂಡ ಸತ್ತಮೇಲೆ ಆಕೆಯೇ ಆ ಹಳೇ ಸಾಮಾನಿನ ಅಂಗಡಿ ನಡೆಸುತ್ತಿದ್ದಳು. ಮೋಟರಿನ ಯಾವ ತುಂಡನ್ನಾದರೂ ಕೈಯಲ್ಲಿ ಹಿಡಿದು ಅದು ಇನ್ನೆಷ್ಟು ದಿನ ಬಾಳುತ್ತದೆಂದು ಹೇಳುವವಳು. ಆಕೆ ಎರಡು ಸಾಮಾನು ತಂದು ಮುಂದಿಟ್ಟಳು. ಒಂದು, ಎಂಜಿನ್ನಿಗೆ ಹೆಚ್ಚು ಪೆಟ್ರೋಲು ಉಣಿಸುವ, ದೊಡ್ಡ ಗಾಡಿಯಿಂದ ಬಿಚ್ಚಿದ ಕಾರ್ಬೊರೇಟರ್, ಇನ್ನೊಂದು ಮಾರಿಸ್ಸಿನದೇ ರೇಡಿಯೇಟರ್. ಎರಡಕ್ಕೂ ಒಂದೇ ರೇಟು.

"ನನ್ನ ಮಾತು ಕೇಳು ಭಾಯಿ, ರೇಡಿಯೇಟರ್ ಒಯ್ಯಿ," ಎಂದಳು. "ಓಡೋ ಕುದುರಿಗೆ ಮೊದಲು ನೀರು ಬೇಕು."

"ಆಪಾ, ರೇಡಿಯೇಟರ್ ಹಾಕಿದ್ರ ಗಾಡಿ ಒಂದು ನಿಮಿಷನೂ ಮುಂದ ಹೋಗಂಗಿಲ್ಲ. ನನಗ ಇಪ್ಪತ್ತು ನಿಮಿಷ ಬೇಕಾಗ್ಯಾವ."

ಆಕೆ ಅವನ ಮುಖ ನೋಡಿದಳು. ಕಾರ್ಬೊರೇಟರನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

ಹೆಡ್ ಸವರಿಸುವ ದಿನ ತುಳಜಾರಾಮ ಲೇಥಿನ ಪಕ್ಕದಲ್ಲೇ ನಿಂತಿದ್ದ. ಮಚ್ಚೇಂದ್ರ ಸಾಕು ಅಂದಾಗ, "ಇನ್ನೊಂದು ಸ್ವಲ್ಪ ತಗಿ," ಎಂದ.

"ಬ್ಯಾಡಣ್ಣಾ. ನಮ್ಮ ಕಡೆ ಸಿಗೋ ಪೆಟ್ರೋಲಿಗೆ ಇಷ್ಟ ಹೆಚ್ಚು. ಇನ್ನೂ ತಗದ್ರ ಎಂಜಿನ್ ಬಡೀತದ."

"ನಾಕ ತಿಂಗಳು ನಡದ್ರ ಸಾಕು ತಮ್ಮಾ. ಆಮ್ಯಾಲ ರೊಕ್ಕ ಬರ್ತದ, ಎಲ್ಲಾ ಹೊಸಾದು ಹಾಕಸ್ತೀನಿ."

ಮಚ್ಚೇಂದ್ರ ಇನ್ನೊಂದು ಸ್ವಲ್ಪ ತೆಗೆಸಿದ.

ಇನ್ನು ಭಾರ ಇಳಿಸುವುದೊಂದು ಉಳಿದಿತ್ತು. ಅದಕ್ಕೆ ಖರ್ಚಿಲ್ಲ. ಅಂಗಳದಲ್ಲಿ ಗಾಡಿ ನಿಲ್ಲಿಸಿ ಹಿಂದಿನ ಸೀಟು ಬಿಚ್ಚತೊಡಗಿದಾಗ ಜಿಜಾಬಾಯಿ ಹೊರಗೆ ಬಂದಳು.

"ಸೀಟು ತಗದ್ರ ಬಾಡಿಗಿ ಮಂದಿ ಎಲ್ಲಿ ಕೂಡ್ತಾರ?"

"ಇನ್ನ ಬಾಡಿಗಿ ಯಾಕ? ಸಿನೆಮಾದ ಕೆಲಸ ಸಿಗ್ತದಲ್ಲ."

"ಶೇಠ ಎಷ್ಟು ದಿನ ಅಂತ ಹೇಳ್ಯಾರೇನು?"

ತುಳಜಾರಾಮ ಇನ್ನೊಂದು ಬೋಲ್ಟು ಬಿಚ್ಚಿದ. ಎಷ್ಟು ದಿನವೆಂದು ಅವನು ಶೇಠನನ್ನು ಕೇಳಿಯೇ ಇರಲಿಲ್ಲ. ಜಿಜಾಬಾಯಿ ಸೀಟಿನ ಇನ್ನೊಂದು ತುದಿಗೆ ಕೈ ಹಚ್ಚಿದಳು. ಇಬ್ಬರೂ ಸೇರಿ ಅದನ್ನು ಗೋಡೆಗೆ ಆನಿಸಿಟ್ಟರು. ಸಂಜೆಗೆ ಅದರ ಮೇಲೆ ಕೋಳಿಗಳು ಕೂತಿದ್ದವು.

ಸಿನೆಮಾ ಬಂದ ದಿನ ಗಾಡಿ ನಲವತ್ತಮೂರು ನಿಮಿಷಕ್ಕೆ ಹುಮನಾಬಾದಿನಿಂದ ಕಲ್ಯಾಣ ಮುಟ್ಟಿತು. ರಾಜೇಶ್ವರದ ಏರಿನಲ್ಲಿ ಒಂದು ಬಸ್ಸು ಮುಂದೆ ಹೋಗುತ್ತಿತ್ತು. ತುಳಜಾರಾಮ ಹಾರ್ನ್ ಹೊಡೆದು ಅದನ್ನು ದಾಟಿದ. ಇಷ್ಟು ವರ್ಷದಲ್ಲಿ ಆ ಗಾಡಿ ಏರಿನಲ್ಲಿ ಬಸ್ಸು ದಾಟಿದ್ದು ಅದೇ ಮೊದಲು. ಎಡಗೈಯಿಂದ ಸ್ಟೇರಿಂಗನ್ನು ಒಮ್ಮೆ ತಟ್ಟಿದ.

ಎಂಟು ದಿನ ಹೀಗೇ ನಡೆಯಿತು. ಒಂಬತ್ತನೆಯ ದಿನ ಏರಿನಲ್ಲಿ ಎಂಜಿನ್ ಒಳಗಿಂದ ಟಕಟಕ ಬಡಿಯತೊಡಗಿತು. ಒಲೆಯ ಮೇಲಿನ ಎಸರಿನ ಹಾಗೆ ರೇಡಿಯೇಟರ್ ಕುದಿಯುತ್ತಿತ್ತು. ಮಚ್ಚೇಂದ್ರ ನೋಡಿ, "ಮೆಲ್ಲಗ ಓಡಸು" ಎಂದ. ಮೆಲ್ಲಗೆ ಓಡಿಸಿದರೆ ಮುಕ್ಕಾಲು ತಾಸಿಗೆ ಮುಟ್ಟುವುದಿಲ್ಲ. ತುಳಜಾರಾಮ ಎರಡು ಕೊಡ ನೀರು ಗಾಡಿಯಲ್ಲೇ ಇಟ್ಟುಕೊಂಡ. ಸೀಟು ತೆಗೆದು ಇಳಿಸಿದ ಭಾರದಲ್ಲಿ ಒಂದಿಷ್ಟು ನೀರಾಗಿ ತಿರುಗಿ ಬಂತು.

ಹನ್ನೆರಡನೆಯ ದಿನ ಆದಿತ್ಯವಾರ. ಟಾಕೀಸು ಕಿಕ್ಕಿರಿದಿತ್ತು. ಮೊದಲರ್ಧ ಸರಿಯಾಗಿ ಮುಟ್ಟಿತು. ಉಳಿದರ್ಧ ಹಾಕಿಕೊಂಡು ಬರುವಾಗ ರಾಜೇಶ್ವರ ದಾಟಿ ಎರಡು ಮೈಲಿ ಬಂದಿರಬೇಕು, ಬಾನೆಟ್ಟಿನ ಸಂದಿಯಿಂದ ಬಿಳಿ ಉಗಿ ಎದ್ದು ಗಾಜು ಮುಚ್ಚಿತು. ಎಂಜಿನ್ ಎರಡು ಸಲ ಜಗ್ಗಿ ನಿಂತಿತು. ಹೆಡ್ ಕೆಳಗಿನ ಗ್ಯಾಸ್ಕೆಟ್ ಹರಿದು ನೀರೆಲ್ಲ ಒಳಗೆ ನುಗ್ಗಿತ್ತು. ಕೊಡದಲ್ಲಿದ್ದ ನೀರು ಸುರಿದ. ಅದೂ ಒಳಗೇ ಹೋಯಿತು.

ಡಬ್ಬಿಗಳನ್ನು ರಸ್ತೆ ಬದಿಗೆ ಇಳಿಸಿ ಕೈ ಅಡ್ಡ ಹಿಡಿದು ನಿಂತ. ಬಸ್ಸು ನಿಲ್ಲಲಿಲ್ಲ. ಒಬ್ಬ ಎತ್ತಿನ ಗಾಡಿಯವನು ನಿಲ್ಲಿಸಿ, "ಒಯ್ತೀನಿ, ಆದ್ರ ಊರು ಮುಟ್ಟಾಕ ರಾತ್ರಿ ಹತ್ತಾಗ್ತದ ನೋಡು," ಎಂದು ಹೇಳಿ ಹೋದ. ಕಡೆಗೆ ಕಬ್ಬಿನ ಲಾರಿಯೊಂದು ಹತ್ತಿಸಿಕೊಂಡಿತು. ಟಾಕೀಸು ಮುಟ್ಟಿದಾಗ ಒಂದೂಕಾಲು ತಾಸು ತಡವಾಗಿತ್ತು.

ಜನ ಹೋಗಿಬಿಟ್ಟಿದ್ದರು. ಕುರ್ಚಿಗಳು ಕಾಲು ಮೇಲೆ ಮಾಡಿ ಬಿದ್ದಿದ್ದವು. ಪರದೆಯ ಒಂದು ಮೂಲೆ ಹರಿದು ಜೋತಾಡುತ್ತಿತ್ತು. ದಿಗಂಬರ ಶೇಠ ಟಿಕೇಟಿನ ಕಿಟಕಿಯ ಹತ್ತಿರ ಕೂತಿದ್ದ. ಬೈಯಲಿಲ್ಲ.

"ಡಬ್ಬಿ ಅಲ್ಲಿಡು," ಎಂದ.

"ಶೇಠ, ನಾಕ ದಿನ ಕೊಡ್ರಿ. ಗಾಡಿ ಸರಿ ಮಾಡಿಸಿಕೊಂಡು ಬರ್ತೀನಿ."

"ಬ್ಯಾಡ ತುಳಜಾರಾಮ. ನಾ ಮೊನ್ನೆನೇ ಹುಮನಾಬಾದಿನ ಒಬ್ಬ ಜೀಪಿನವನಿಗೆ ಮಾತು ಕೊಟ್ಟೀನಿ. ಮುಂದಿನ ಸಿನೆಮಾದಿಂದ ಅವನೇ ತರಾಂವ. ಈಗ ಅವನಿಗೆ ನಾಳಿಂದನೇ ಬಾ ಅಂತ ಹೇಳ್ತೀನಿ, ಅಷ್ಟ."

"ಮೊನ್ನೆನಾ?" ಎಂದ ತುಳಜಾರಾಮ. "ಮೊನ್ನೆ ನಾ ನಲವತ್ತೆರಡು ನಿಮಿಷಕ್ಕ ಬಂದಿದ್ದೆನ್ರಿ."

"ಬಂದಿದ್ದಿ, ಖರೆ. ಆದ್ರ ಅವನ ಹತ್ರ ಎರಡು ಜೀಪ್ ಅದಾವ. ಒಂದು ಕೆಟ್ರ ಇನ್ನೊಂದು ಬರ್ತದ."

ಮರುದಿನ ತುಳಜಾರಾಮ ಗಾಡಿಯನ್ನು ಲಾರಿಗೆ ಕಟ್ಟಿ ಹುಮನಾಬಾದಿಗೆ ಎಳೆಸಿಕೊಂಡು ಹೋದ. ಮಚ್ಚೇಂದ್ರ ಹೆಡ್ ಬಿಚ್ಚಿ ಬಿಸಿಲಿಗೆ ಹಿಡಿದು ತೋರಿಸಿದ. ಕೂದಲೆಳೆಯಂಥ ಬಿರುಕೊಂದು ಈ ಕಡೆಯಿಂದ ಆ ಕಡೆಗೆ ಹಾದುಹೋಗಿತ್ತು. ಮತ್ತೆ ಸವರಿಸಲು ದಪ್ಪವೇ ಉಳಿದಿರಲಿಲ್ಲ. ಬೇರೆ ಹೆಡ್ ಹೈದರಾಬಾದಿನಿಂದ ತರಿಸಬೇಕು. ಅದರ ಬೆಲೆಗೆ ಇಂಥ ಇನ್ನೊಂದು ಗಾಡಿಯೇ ಬರುತ್ತಿತ್ತು.

"ಅಕ್ಬರಿ ಆಪಾ ಹೇಳಿದ್ಹಾಂಗ ರೇಡಿಯೇಟರ್ ಹಾಕಿಸಿದ್ರ?" ಎಂದು ಕೇಳಿದ ತುಳಜಾರಾಮ.

"ಎಂಜಿನ್ ಉಳೀತಿತ್ತು. ಆದ್ರ ಐವತ್ತೈದು ನಿಮಿಷ ಹಿಡೀತಿತ್ತು. ಮೊದಲನೇ ದಿನನೇ ಶೇಠ ಬ್ಯಾಡ ಅಂತಿದ್ರು."

"ಹೆಡ್ ಕಡಿಮಿ ಸವರಿಸಿದ್ರ?"

ಮಚ್ಚೇಂದ್ರ ತಲೆ ಅಲ್ಲಾಡಿಸಿದ. "ಐವತ್ತು ನಿಮಿಷ ಆಗ್ತಿತ್ತು. ಅಣ್ಣಾ, ಮುನ್ನೂರದಾಗ ಎಂಜಿನ್ನೂ ಉಳದು ಮುಕ್ಕಾಲು ತಾಸೂ ಆಗೋದು ಇರಲೇ ಇಲ್ಲ. ಇದು ನನಗ ಅವತ್ತೇ ಗೊತ್ತಿತ್ತು. ನಿನ್ನ ಮುಖ ನೋಡಿ ಹೇಳೋದು ಆಗಲಿಲ್ಲ."

ತುಳಜಾರಾಮನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚಲೋ ಇತ್ತೆಂದು ಆಮೇಲೆ ಜಿಜಾಬಾಯಿಗೆ ಹೇಳಿದ.

ಅಕ್ಬರಿ ಗಾಡಿಯನ್ನು ಸಾಮಾನಿನ ಲೆಕ್ಕದಲ್ಲಿ ಕೊಂಡಳು, ಉಳಿದವರಿಗಿಂತ ನಾಲ್ಕು ಕಾಸು ಹೆಚ್ಚಿಗೆ ಕೊಟ್ಟೇ. ಬಿಚ್ಚುವುದನ್ನು ನೋಡಲು ಅವನು ನಿಲ್ಲಲಿಲ್ಲ. ಬೇರೆ ಕಡೆ ಡ್ರೈವರ್ ಕೆಲಸ ಕೇಳಿದ. ಲಾರಿಯವರು ದೊಡ್ಡ ಗಾಡಿಯ ಲೈಸೆನ್ಸ್ ಅದನಾ ಅಂದರು. ಚಿಟಗುಪ್ಪದ ಒಬ್ಬ ವಕೀಲರು ಅವನ ತಲೆಯ ಬಿಳಿಗೂದಲು ನೋಡಿ, "ವಯಸ್ಸಾತಲ್ಲೋ," ಎಂದರು. ಅವನಿಗೆ ಆಗ ನಲವತ್ತೊಂಬತ್ತು.

ತೊಗರಿ ಕೊಯ್ಲು ಶುರುವಾದಾಗ ಜಿಜಾಬಾಯಿಯ ಜೊತೆ ಕೂಲಿಗೆ ಹೊರಟ. ಕುಡುಗೋಲು ಹಿಡಿದು ರೂಢಿ ಇರಲಿಲ್ಲ. ಮೊದಲ ವಾರ ಅಂಗೈ ತುಂಬ ಗುಳ್ಳೆ ಎದ್ದವು. ಸಾಲಿನಲ್ಲಿ ಅವನೇ ಹಿಂದೆ ಬೀಳುತ್ತಿದ್ದ. ಹೆಂಗಸರು ತಮ್ಮ ಸಾಲು ಮುಗಿಸಿ ತಿರುಗಿ ಬರುವಾಗ ಅವನದು ಇನ್ನೂ ಅರ್ಧ ಉಳಿದಿರುತ್ತಿತ್ತು. "ಡ್ರೈವರ್, ಜರಾ ಜಲ್ದಿ ಮಾಡಪ್ಪ," ಎಂದು ಹೊಲದ ಮಾಲಕ ಬದುವಿನ ಮೇಲಿಂದ ಕೂಗುತ್ತಿದ್ದ. ಹೌದ್ರಿ, ಎಂದು ತುಳಜಾರಾಮ ತಲೆ ಎತ್ತದೆ ಕೊಯ್ಯುತ್ತಿದ್ದ. ಜಿಜಾಬಾಯಿ ತನ್ನ ಸಾಲು ಮುಗಿಸಿ, ಅವನ ಸಾಲಿನ ಆ ತುದಿಯಿಂದ ಕೊಯ್ಯುತ್ತ ಬರುತ್ತಿದ್ದಳು.