ಹಿಟ್ಟಿನ ಮೇಲಿನ ಹೆಜ್ಜೆ

ಕೊಂಡಾಪುರದ ಆ ಅಪಾರ್ಟ್‌ಮೆಂಟಿನಲ್ಲಿ ಕಾರು ನಿಲ್ಲಿಸುವ ಜಾಗದ ಮೂಲೆಗೆ ವಾಚ್‌ಮನ್ನನ ಖೋಲಿ. ಇದ್ದ ಒಂದೇ ಕಿಟಕಿಯ ಕಂಬಿಗಳ ನಡುವೆ ದೊಡ್ಡದೊಂದು ಜೇಡ ಬಲೆ ಕಟ್ಟಿತ್ತು. ಗದಿಗೆಮ್ಮ ಇಡೀ ಕಟ್ಟಡ ಗುಡಿಸುವವಳು, ಮೆಟ್ಟಿಲ ಸಂದಿಯನ್ನೂ ಬಿಡುವವಳಲ್ಲ. ತನ್ನ ಕಿಟಕಿಯ ಹತ್ತಿರಕ್ಕೆ ಮಾತ್ರ ಕಸಬರಿಗೆ ಒಯ್ಯುತ್ತಿರಲಿಲ್ಲ.

ವಾಚ್‌ಮನ್ನನಾಗಿದ್ದ ಗಂಡ ಚಂದ್ರಾಮ ಆ ಕಿಟಕಿಯ ಕೆಳಗಿನ ಮಂಚದ ಮೇಲೆಯೇ ಜೀವ ಬಿಟ್ಟಿದ್ದ. ಮಣ್ಣು ಮಾಡಲು ಶಹಾಪುರದ ಕಡೆಯ ಊರಿಗೆ ಒಯ್ಯುವ ಮುಂಚೆ ಗದಿಗೆಮ್ಮ ಹಿರಿಯರ ಪದ್ಧತಿ ಬಿಡಲಿಲ್ಲ. ಮಂಚ ಸರಿಸಿ, ಜೀವ ಹೋದ ಜಾಗದಲ್ಲಿ ಜೋಳದ ಹಿಟ್ಟು ತೆಳ್ಳಗೆ ಹರಡಿ, ಬುಟ್ಟಿ ಬೋರಲು ಹಾಕಿ, ಖೋಲಿಗೆ ಕೀಲಿ ಜಡಿದು ಹೋದಳು. ಹಿಟ್ಟಿನ ಮೇಲೆ ಯಾವ ಜೀವಿಯ ಹೆಜ್ಜೆ ಮೂಡುತ್ತದೋ ಸತ್ತವರು ಆ ರೂಪದಲ್ಲಿ ಬಂದಿದ್ದಾರೆಂದು ಅವರ ಕಡೆ ನಂಬಿಕೆ. ಊರಲ್ಲಿ ದಿನಕರ್ಮ ಮುಗಿಸಿ ಬಂದು ಬುಟ್ಟಿ ಎತ್ತಿದರೆ, ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಚುಕ್ಕೆಗಳು ಗೋಡೆಯ ಕಡೆ ಸಾಲಾಗಿ ಹೋಗಿದ್ದವು. ತಲೆ ಎತ್ತಿದಳು. ಕಿಟಕಿಯಲ್ಲಿ ಜೇಡ ಕೂತಿತ್ತು.

ಅಂದಿನಿಂದ ನೊಣವೋ ಪತಂಗವೋ ಸಿಕ್ಕರೆ ತಂದು ಬಲೆಗೆ ಹಾಕಿ, "ಉಣ್ರಿ" ಅನ್ನುತ್ತಿದ್ದಳು.

ಮೂರನೇ ಮಹಡಿಯ ಅಪೂರ್ವ, ಮೈಸೂರಿನ ಹುಡುಗಿ, ತೆಲುಗು ಮಾತಿನ ಆ ಊರಿನಲ್ಲಿ ಕನ್ನಡ ಮಾತಾಡುವ ಆಸೆಗೆ ಆಗಾಗ ಕೆಳಗಿಳಿದು ಬರುವವಳು, ಒಮ್ಮೆ ಇದನ್ನು ಕೇಳಿಸಿಕೊಂಡಳು.

"ಏನ್ ಗದಿಗೆಮ್ಮ, ಜೇಡಕ್ಕೂ ಮರ್ಯಾದೆನಾ? ಬಾಡಿಗೆ ಗೀಡಿಗೆ ಕೊಡುತ್ತಾ ಅದು?"

"ಊಟಾನ ನಾ ಹಾಕ್ತೀನ್ರಿ ಅಕ್ಕಾರ. ಬಾಡಗಿ ಎಲ್ಲಿಂದ ಕೊಡ್ತಾರ?" ಎಂದು ಗದಿಗೆಮ್ಮ ನಕ್ಕಳು. ಯಾರೆಂದು ಹೇಳಲಿಲ್ಲ.

ಊರಿನಿಂದ ಮಗಳು ರೇಣುಕಾಳ ಫೋನು ಬರುತ್ತಲೇ ಇತ್ತು.

"ಅವ್ವಾ, ನನಗ ದಿನ ತುಂಬ್ಯಾವ. ಚೊಚ್ಚಲ ಬಾಣಂತನ ಅತ್ತಿ ಕೈಲೆ ಮಾಡಿಸ್ಕೊಳ್ಲೇನು? ಅಲ್ಲೇನ್ ಗಂಟು ಇಟ್ಟೀದಿ?"

"ಬರ್ತೀನಿ ತಡಿಯವ್ವ. ನಿಮ್ಮಪ್ಪನ್ನ ಒಬ್ಬರನ್ನ ಬಿಟ್ಟು ಹ್ಯಾಂಗ ಬರ್ಲಿ?"

"ಅವ್ವಾ, ಅಪ್ಪ ಇಲ್ಲ" ಎಂದಳು, ಕೂಸಿಗೆ ಹೇಳುವ ಹಾಗೆ.

ಒಂದು ಮುಂಜಾನೆ ಬಲೆಯ ಅಂಚಿನಲ್ಲಿ ಇನ್ನೊಂದು ಹುಳ ಕಾಣಿಸಿತು. ಜೋಳದ ಕಾಳಿನಷ್ಟು, ಕಂದು ಬಣ್ಣದ್ದು. ಮುಂಗಾಲಿನಿಂದ ಎಳೆಯನ್ನು ಎರಡು ಸಲ ಮೀಟುವುದು, ಸುಮ್ಮನಾಗುವುದು, ಮತ್ತೆ ಎರಡು ಸಲ ಮೀಟುವುದು. ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು ಗದಿಗೆಮ್ಮನಿಗೆ, ಎಲ್ಲೆಂದು ಹೊಳೆಯಲಿಲ್ಲ. ಯಜಮಾನರ ತುತ್ತಿಗೆ ಕಳ್ಳ ಬಂದನೆಂದು ಸಿಟ್ಟು ಬಂತು. ಕಸಬರಿಗೆಯ ಕಡ್ಡಿಯಿಂದ ಅದನ್ನು ಎತ್ತಿ ಬಲೆಯ ನಡುವಿಗೇ ಒಗೆದಳು. ದೊಡ್ಡದು ಸರಕ್ಕನೆ ಬಂದು ಅದನ್ನು ನೂಲಿನಲ್ಲಿ ಸುತ್ತಿಬಿಟ್ಟಿತು.

"ಉಣ್ರಿ" ಎಂದಳು.

ಮುಂದೆ ಕೆಲವು ದಿನಗಳಲ್ಲಿ ಕಂಬಿಯ ಮೂಲೆಯಲ್ಲಿ ಹಸಿರು ಛಾಯೆಯ ಪುಟ್ಟ ಚೀಲವೊಂದು ತೂಗಿತು. ಏನಿದೆಂದು ಅಪೂರ್ವಳನ್ನು ಕರೆದು ಕೇಳಿದಳು. ಅವಳು ಫೋಟೋ ತೆಗೆದು, ಮೊಬೈಲಿನಲ್ಲಿ ಹುಡುಕಿ ಓದಿದಳು.

"ಮೊಟ್ಟೆ ಗದಿಗೆಮ್ಮ! ನಿಮ್ಮ ಜೇಡ ಹೆಣ್ಣು."

"ಹೆಣ್ಣು?"

"ಹ್ಞೂಂ. ಗಂಡು ಇಷ್ಟೇ ಇಷ್ಟು ಇರುತ್ತಂತೆ. ಬಲೆ ಅಂಚಿಗೆ ಬಂದು ಎಳೆ ಮೀಟುತ್ತಂತೆ, ನಾನು ನೊಣ ಅಲ್ಲ, ನಾನು ಬಂದಿದೀನಿ ಅಂತ ಹೇಳೋಕೆ. ಪಾಪ, ಅಲ್ವಾ?"

ಆಗ ಹೊಳೆಯಿತು. ಚಂದ್ರಾಮ ಗಸ್ತು ಮುಗಿಸಿ ಬಂದರೆ ಬಾಗಿಲು ಬಡಿಯುತ್ತಿರಲಿಲ್ಲ, ಮಲಗಿದವಳು ಬೆಚ್ಚಬಾರದೆಂದು. ಕಿಟಕಿಯ ಕಂಬಿಗೆ ಉಗುರಿನಿಂದ ಎರಡು ಸಲ ತಟ್ಟಿ, ಸುಮ್ಮನೆ ನಿಂತು, ಮತ್ತೆ ಎರಡು ಸಲ ತಟ್ಟುತ್ತಿದ್ದ. ಹಿಟ್ಟಿನ ಮೇಲಿನ ಚುಕ್ಕೆಗಳಾದರೂ ಎಷ್ಟು ಸಣ್ಣವಿದ್ದವು!

"ಯಾಕೆ ಗದಿಗೆಮ್ಮ, ಹುಷಾರಿಲ್ವಾ?"

"ಏನಿಲ್ರಿ. ನೀವು ಮ್ಯಾಲೆ ಹೋಗ್ರಿ."

ಅಂದು ಸಂಜೆ ಒಲೆ ಹಚ್ಚಲಿಲ್ಲ. ಡಬ್ಬಿಯ ತಳದಲ್ಲಿದ್ದ ಹಿಟ್ಟನ್ನು ಕಿಟಕಿಯ ಕೆಳಗೆ ಹರಡಿ ಬುಟ್ಟಿ ಮುಚ್ಚಿದಳು. ಬೆಳಗಾದ ಮೇಲೆ ಎತ್ತಿ ನೋಡಿದಳು. ಹಿಟ್ಟು ಹರಡಿದಂತೆಯೇ ಇತ್ತು. ಒಂದು ಇರುವೆಯೂ ಹಾದಿರಲಿಲ್ಲ.

ಮಂಚದ ಮೇಲೆ ಫೋನು ಹೊಡೆದುಕೊಂಡಿತು.

"ಅವ್ವಾ, ನಸುಕಿನಿಂದ ಬ್ಯಾನಿ ಸುರು ಆಗ್ಯಾವ. ದವಾಖಾನಿಗೆ ಹೊಂಟೀವಿ. ಈಗಾರ ಬಸ್ ಹತ್ತು, ಅವ್ವಾ."

ಗದಿಗೆಮ್ಮ ಮಾತಾಡುತ್ತಲೇ ಅಂಗೈಯಿಂದ ಹಿಟ್ಟನ್ನು ಮತ್ತೆ ಸವರಿ ಸಪಾಟು ಮಾಡಿದಳು, ಸವರಲು ಅಲ್ಲಿ ಏನೂ ಇಲ್ಲದಿದ್ದರೂ. ಬುಟ್ಟಿಯನ್ನು ಮೆಲ್ಲಗೆ ಮುಚ್ಚಿದಳು.

"ಇನ್ನೊಂದು ದಿನ ತಡಿಯವ್ವ" ಎಂದಳು. "ನಿಮ್ಮಪ್ಪ ಎಲ್ಲಿ ಹೋದ್ರು ಅಂತ ನೋಡಿ ಬರ್ತೀನಿ."